ತೈತುರನ ಹಾಡಿನ ಕೊನೆಯ ಪದ್ಯ

ಮುದುಕನ ಅಂಗೈ ಬಿಸಿಯಾಗಿದೆ, ಒರಟು, ಹೆಬ್ಬೆರಳ ಬುಡದಲ್ಲಿ ಹಗ್ಗ ಎಳೆದೆಳೆದು ಗಟ್ಟಿಯಾದ ಒಂದು ಗಂಟು, ಅದು ಮಾಲಾನಳ ಬೆರಳಿಗೆ ಒತ್ತುತ್ತಿದೆ, ಒತ್ತಲಿ, ಎರಡು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ, ನೆಲದ ಹಲಗೆಯ ದಡದಡ ಮೊಣಕಾಲಿನ ತನಕ ಏರಿ ಬರುತ್ತದೆ, ಒದ್ದೆ ಉಣ್ಣೆಯ ವಾಸನೆ, ಯಾರೋ ಕೆನೆ ಬನ್ನು ತಿಂದ ಬಾಯಲ್ಲೇ ಹಾಡುತ್ತಿದ್ದಾರೆ, ಇದು ತೈತುರನ ಜಾಗ — ದಾನ್ಯಲ್ ಮಾವನ ಬಲಗಡೆ, ಹೋದ ವರ್ಷದ ತನಕ ಇಲ್ಲಿ ನಿಲ್ಲುತ್ತಿದ್ದವನು ಅವನು, ಅವಳ ಗಂಡ, ಇವತ್ತು ಅವಳನ್ನು ತಂದು ನಿಲ್ಲಿಸಿದ್ದಾರೆ, ಸರಿದರು, ಜಾಗ ಮಾಡಿದರು, ಕೈ ಹಿಡಿದು ಸಾಲಿಗೆ ಸೇರಿಸಿಕೊಂಡರು, ಹೆಂಡತಿಯಲ್ಲವೇ, ಇನ್ನೆಲ್ಲಿ ನಿಲ್ಲಬೇಕು, ಹೆಂಡತಿ ಅಂತ ಊರಿಗೆಲ್ಲ ಗೊತ್ತು, ಪಾದ್ರಿಗೆ ಗೊತ್ತು, ಕುರಿಗಳಿಗೂ ಗೊತ್ತು, ಹಾಡಿಗೆ ಮಾತ್ರ ಗೊತ್ತಿಲ್ಲ. ಇನ್ನೂ ಹಳೆಯ ರಾಜನ ಹಾಡೇ ನಡೆದಿದೆ, ರಾಜ ಹಡಗು ಹತ್ತುತ್ತಿದ್ದಾನೆ, ಹತ್ತಲಿ, ನಿಧಾನವಾಗಿ ಹತ್ತಲಿ, ಬಿರುಗಾಳಿ ಬರಲಿ, ಇವನು ಮುಳುಗಿದ ಮೇಲೆ ಅದೇ ತಾನೇ ಬರುವುದು, ತೈತುರನ ಹಾಡು. ದ್ವೀಪದ ಶಾಲೆಯ ಕೋಣೆ ಚಿಕ್ಕದು, ಜನ ಹೆಚ್ಚು, ಕೈ ಕೈ ಹಿಡಿದ ಕುಣಿತದ ಸಾಲು ಹಗ್ಗ ಮಡಚಿದ ಹಾಗೆ ಮಡಚಿಕೊಂಡು ಹೋಗುತ್ತದೆ, ಹಾಗಾಗಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಮುಖದ ಮುಂದೆ ಹಾದು ಹೋಗಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ, ಅಂಚೆ ಕಚೇರಿಯವಳು ಬಂದಳು, ಹೋದಳು, ಪಾದ್ರಿಯ ಹೆಂಡತಿ ಬಂದಳು, ಕಣ್ಣಲ್ಲೇ ಅಯ್ಯೋ ಪಾಪ ಅಂದಳು, ಹೋದಳು, ಈಗ ಆ ತಿರುವಿನಲ್ಲಿ ಬಂಗಾರದ ಜಡೆ — ಜಡೆಯೆಲ್ಲಿದೆ, ಕತ್ತರಿಸಿಕೊಂಡಿದ್ದಾಳೆ, ಕಿವಿಯವರೆಗೆ ಬೂದು ಬೂದು ಕೂದಲು, ಆದರೂ ಊರಿನ ಬಾಯಲ್ಲಿ ಜಡೆ ಹಾಗೇ ಇದೆ, ಮೊಳದುದ್ದ, ಹೊಳೆಯುತ್ತ — ಸುನ್ವಾ.

ಬೇಡ ಅನ್ನಬಹುದಿತ್ತು. ದಾನ್ಯಲ್ ಮಾವ ಕೇಳಿಕೊಂಡೇ ಬಂದಿದ್ದ, ತೈತುರನ ಸೋದರಮಾವ, ಈ ಹಾಡು ಕಟ್ಟಿದವನು, ಟೋಪಿ ಕೈಯಲ್ಲಿ ತಿರುಗಿಸುತ್ತ ಅಡಿಗೆಮನೆಯ ಬಾಗಿಲಲ್ಲೇ ನಿಂತು, ಮಗಾ, ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲ, ತೈತುರನ ಹಾಡು ಈ ಸಲ ಎತ್ತಬೇಕೋ ಬೇಡ್ವೋ, ನೀ ಬೇಡ ಅಂದ್ರೆ ಯಾರೂ ಬಾಯಿ ಬಿಡಲ್ಲ, ಆದ್ರೆ ಒಂದು ಮಾತು, ವರ್ಷಕ್ಕೊಂದೇ ಸಲ ಎತ್ತೋ ಹಾಡು, ಒಂದ್ವರ್ಷ ಬಿಟ್ರೆ ನನ್ನ ತಲೇಲಿ ಉಳಿಯತ್ತೋ ಇಲ್ವೋ ನಂಗೇ ನಂಬಿಕೆ ಇಲ್ಲ. ವರ್ಷಕ್ಕೊಂದೇ ಸಲ, ದೊಡ್ಡ ಉಪವಾಸ ಹಿಡಿಯುವ ಮುಂಚಿನ ಭಾನುವಾರ, ಎರಡನೇ ಸಲ ಕುಣಿದರೆ ಹಾಡು ಸವೆಯುತ್ತದೆ ಅನ್ನುತ್ತಾರೆ, ಬರೆದಿಡಿ ಅಂತ ಮೇಷ್ಟ್ರು ಒಮ್ಮೆ ಹೇಳಿದ್ದಕ್ಕೆ ಇದೇ ಮುದುಕ ನಕ್ಕಿದ್ದ, ಬರೆದಿಟ್ಟ ಹಾಡು ಮರದ ಮೀನು ಕಣಯ್ಯ, ಆಕಾರ ಇರತ್ತೆ, ಈಜಲ್ಲ. ಒಲೆ ಪಕ್ಕದಲ್ಲಿ ಅತ್ತೆ ಎಲ್ಸ್ಬಾ ಹೆಣೆಯುತ್ತಿದ್ದವಳು ಸೂಜಿ ನಿಲ್ಲಿಸಿದಳು, ತಲೆ ಎತ್ತಲಿಲ್ಲ, ಅವಳ್ನ ಕೇಳೋದೇನಿದೆ ದಾನ್ಯಲ್, ನನ್ನ ಮಗ ಇನ್ನು ಇರೋದು ಅಲ್ಲೇ ತಾನೇ. ಸೂಜಿ ಮತ್ತೆ ಶುರುವಾಗಲಿಲ್ಲ, ಕಾಯುತ್ತಿತ್ತು, ಮಾಲಾನ್ ಬೇಡ ಅಂದಿದ್ದರೆ ಆ ಸೂಜಿ ಊರೆಲ್ಲ ಓಡಾಡುತ್ತಿತ್ತು, ಮನೆ ಮನೆಗೆ ಹೋಗಿ ಚುಚ್ಚಿ ಹೇಳುತ್ತಿತ್ತು, ಸತ್ತವನ ಮೇಲೂ ಹೊಟ್ಟೆಕಿಚ್ಚು ನೋಡ್ರೀ ಇವಳಿಗೆ. ಎತ್ತಿ ಮಾವ, ಅಂದಳು, ಧ್ವನಿ ಸರಿಯಾಗೇ ಬಂತು, ಕಾಫಿ ಕುಡೀತೀರಾ ಅಂತಲೂ ಕೇಳಿದಳು, ಅಕ್ಟೋಬರಿನಿಂದ ಅವಳ ಧ್ವನಿ ಹೀಗೇ, ಎಲ್ಲದಕ್ಕೂ ಸರಿಯಾಗೇ ಬರುತ್ತದೆ, ಬಂಡೆಯ ಮೇಲಿಂದ ಕುರಿ ಇಳಿಸುವಾಗ ತೈತುರನ ಕಾಲು ಜಾರಿತು ಅಂತ ಬಂದು ಹೇಳಿದಾಗಲೂ, ಎಲ್ಲಿ, ಅಂತ ಕೇಳಿದ್ದಳು, ದಾರಿ ಕೇಳುವವಳ ಹಾಗೆ.

ರಾಜ ಮುಳುಗಿದ. ಕಾಲುಗಳು ನಿಲ್ಲುವುದಿಲ್ಲ, ಹಾಡು ಮುಗಿದರೂ ಹೆಜ್ಜೆ ಮುಗಿಯುವುದಿಲ್ಲ, ಎರಡು ಎಡಕ್ಕೆ, ಒಂದು ಹಿಂದಕ್ಕೆ, ಎಲ್ಲರೂ ದಾನ್ಯಲ್ ಮಾವನ ಬಾಯಿ ನೋಡುತ್ತಿದ್ದಾರೆ, ಮುದುಕ ಗಂಟಲು ಸರಿಮಾಡಿಕೊಂಡ, ಗಾಳಿಮನೆಯ ತೊಡೆಯ ಕದ್ದು ಹೊರಟ ತೈತುರ್ ನಸುಕಿಗೆದ್ದು — ಹೋ ಅಂತ ಇಡೀ ಕೋಣೆ ಮೇಲೆದ್ದಿತು, ಎಳೆಯೋ ಹುಟ್ಟು ಎಳೆಯೋ ತೈತುರ್, ಮಂಜಿಗೇನು ಗೊತ್ತು ದಾರಿ, ಎಲ್ಸ್ಬಾಳ ಗಂಟಲು ಎಲ್ಲರಿಗಿಂತ ಮೇಲೆ, ಮಗ ಹೋದ ಮೇಲೆ ಮೊದಲ ಸಲ ಆ ಮುಖಕ್ಕೆ ಬಣ್ಣ ಬಂದಿದೆ, ಬರದೆ ಏನು, ಅವಳಿಗೊಂದು ಪದ್ಯವಿದೆ. ಅತ್ತೆಗೊಂದು ಪದ್ಯ, ಹಡಗುಕಟ್ಟೆಯಲ್ಲಿ ನಿಂತು ಎತ್ತ ಹೊರಟ್ಯೋ ಅಂತ ಕೂಗಿದ ಕುರುಡ ನಿಕ್ಲಾಸನಿಗೊಂದು ಪದ್ಯ, ಹಿಂದೆ ಬೊಗಳಿದ ನಾಯಿಗೆ ಅರ್ಧ ಪದ್ಯ, ಹೆಣ್ಣು ಕೇಳಲಿಕ್ಕೆ ಅಂತ ಮಾಂಸ ಒಣಗಿಸುವ ಗಾಳಿಮನೆಯಿಂದ ಕದ್ದುಕೊಂಡು ಹೋದ ಆ ಒಣ ಕುರಿತೊಡೆಗೆ ಮೂರು ಕಡೆ ಹೆಸರು — ಕುರಿತೊಡೆ! ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ, ಅಮ್ಮಾ ಹಾಡಲ್ಲಿ ಅಪ್ಪ ಇದಾನೆ, ಅಜ್ಜಿ ಇದಾಳೆ, ಸುನ್ವಾ ಇದಾಳೆ, ನೀನೆಲ್ಲಿದೀಯ. ನಾನು ಆಗ ಬೇರೆ ಮನೇಲಿದ್ದೆ ಕಣೇ, ಅಲುಗಾಡಬೇಡ. ಸುನ್ವಾ ನಂಗೆ ಏನಾಗ್ಬೇಕು. ಏನೂ ಆಗ್ಬೇಕಿಲ್ಲ. ಏನೂ ಆಗದೋಳು ಯಾಕೆ ಅಪ್ಪನ ಹಾಡಲ್ಲಿರ್ತಾಳೆ, ನೀನ್ಯಾಕೆ ಇಲ್ಲ — ಅಯ್ಯೋ ಅಮ್ಮಾ ನೋಯ್ತಿದೆ, ಬಿಡು, ಅಷ್ಟು ಬಿಗಿ ಮಾಡ್ಬೇಡ. ಜಡೆ ಬಿಗಿಯಾಗಿತ್ತು, ಬಿಚ್ಚಿ ಮತ್ತೆ ಹಾಕಿದಳು. ಬಾರ್ಬಾಗೆ ಆರು ತುಂಬಿದೆ, ಅಪ್ಪನ ಮುಖ ಎಷ್ಟು ದಿನ ಉಳಿದೀತು, ಮುಖ ಹೋದ ಮೇಲೆ ಹಾಡು ಉಳಿಯುತ್ತದೆ, ದೊಡ್ಡವಳಾದ ಮೇಲೆ ಯಾರಾದರೂ ನಿನ್ನಪ್ಪ ಯಾರು ಅಂದರೆ ಹಾಡುತ್ತಾಳೆ, ಈ ಊರಲ್ಲಿ ಎಲ್ಲರೂ ಹಾಗೇ ಹೇಳುವುದು, ಹಾಡಿದರೆ ಅಪ್ಪ ದೋಣಿಯಲ್ಲಿರುತ್ತಾನೆ, ದೋಣಿ ಸುನ್ವಾಳ ಕಡೆಗಿರುತ್ತದೆ.

ಬಂದಳು, ತಿರುವು ದಾಟಿ, ಎದುರಿಗೇ. ಸುನ್ವಾ ಜಡೆಗೆ ಬಂಗಾರ ಬಣ್ಣ, ನೋಡಲು ಹೊರಟ ನಮ್ಮೂರ ಅಣ್ಣ — ಹಾಡಿನ ಸುನ್ವಾ ಮತ್ತು ನಿಜದ ಸುನ್ವಾ ಒಂದೇ ಸಲಕ್ಕೆ ಎದುರು ಬಂದರು, ನಿಜದವಳು ದಪ್ಪಗಾಗಿದ್ದಾಳೆ, ನಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ, ಎರಡನ್ನೂ ಒಟ್ಟಿಗೆ ಮಾಡುವ ಜನ ಇರುತ್ತಾರೆ, ಮಾಲಾನ್‌ಗೆ ಒಂದೂ ಆಗುವುದಿಲ್ಲ, ಎದುರು ಬಂದು ಕಣ್ಣು ಕಣ್ಣು ಕೂಡಿತು, ಸುನ್ವಾ ತಲೆ ಆಡಿಸಿದಳು, ಏನದು, ಸಮಾಧಾನವೋ ಕ್ಷಮೆಯೋ, ಹೋದಳು. ಶುಕ್ರವಾರದ ದೋಣಿಗೆ ಡೆನ್ಮಾರ್ಕಿನಿಂದ ಬಂದಿಳಿದವಳು ನೇರ ಮನೆಗೇ ಬಂದಿದ್ದಳು, ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು, ಬಾಗಿಲಲ್ಲೇ ಮಾಲಾನಳನ್ನು ತಬ್ಬಿ ಗೊಳೋ ಅಂತ ಅತ್ತಳು, ಎಷ್ಟು ಸಲೀಸು ಆ ಅಳು, ನಲ್ಲಿ ತಿರುಗಿಸಿದ ಹಾಗೆ, ಒಳಗೆ ಎಲ್ಸ್ಬಾ ಎದ್ದು ಬಂದು ಅವಳನ್ನು ತಾನೂ ತಬ್ಬಿ ಅತ್ತಳು, ಸೊಸೆಯನ್ನು ತಬ್ಬಿ ಅತ್ತವಳಲ್ಲ ಅತ್ತೆ, ಇಬ್ಬರೂ ಸೊಸೆಯ ಎದುರಿಗೇ ಅತ್ತರು, ಹಾಡಿನಲ್ಲಿರುವವರು ಇಬ್ಬರೂ, ಹಾಡಿನ ಹೊರಗಿನವಳು ಒಲೆಯ ಮೇಲೆ ಕಾಫಿ ಉಕ್ಕದ ಹಾಗೆ ನೋಡಿಕೊಂಡಳು. ಆಮೇಲೆ ಅತ್ತೆ ಕುರಿಗೆ ಹುಲ್ಲು ಹಾಕಲು ಹೋದಾಗ ಸುನ್ವಾ ಮೂಗು ಒರೆಸಿಕೊಂಡು ನಕ್ಕಳು, ನಿಂಗೊಂದು ಮಾತು ಹೇಳ್ಲಾ ಮಾಲಾನ್, ಯಾರಿಗೂ ಹೇಳಿಲ್ಲ, ಆವತ್ತು ನಾನು ನಮ್ಮೂರ ದಡದಲ್ಲಿ ನಿಂತೇ ಇರ್ಲಿಲ್ಲ ಕಣೇ. ಯಾವತ್ತು. ಅದೇ, ಮಂಜಿನ ದಿನ, ಹಾಡಲ್ಲಿ ಕಾಯ್ತಾ ನಿಂತಿರ್ತೀನಲ್ಲ, ಎಲ್ಲಿ ಕಾಯೋದು, ಜ್ವರ ಬಂದು ಮೂರು ಕಂಬಳಿ ಹೊದ್ದು ಮಲಗಿದ್ದೆ, ಅವ್ನು ಬರ್ತಿದಾನೆ ಅಂತಾನೂ ಗೊತ್ತಿರ್ಲಿಲ್ಲ, ಎರಡು ದಿನ ಬಿಟ್ಟು ಊರೋರು ನಕ್ಕಾಗ್ಲೇ ಗೊತ್ತಾಗಿದ್ದು, ದಾನ್ಯಲ್ ಮಾವ ಬಂದು ಕೇಳಿದ, ನೀನು ದಡದಲ್ಲಿ ಕಾಯ್ತಿದ್ಯಾ ಹುಡುಗಿ ಅಂತ, ಹೂಂ ಅಂದ್ಬಿಟ್ಟೆ, ಹೂಂ ಅನ್ನೋಕೆ ಎಷ್ಟು ಹೊತ್ತು ಬೇಕು. ಮಾಲಾನ್ ಕಪ್ಪು ಕೆಳಗಿಟ್ಟಳು. ಕಪ್ಪಿನ ಕಿವಿ ಬಿಸಿಯಾಗಿತ್ತು, ಬೆರಳು ಸುಟ್ಟಿತ್ತು, ಸುಟ್ಟದ್ದು ಆಮೇಲೆ ಗೊತ್ತಾಯಿತು. ಹೂಂ ಅಂದವಳು ಹಾಡಲ್ಲಿದ್ದಾಳೆ. ಏನೂ ನೋಡಿಲ್ಲ ಅಂದವಳು ಇಲ್ಲ.

ಯಾಕೆಂದರೆ ದಾನ್ಯಲ್ ಮಾವ ಇವಳನ್ನೂ ಕೇಳಿದ್ದ. ಊರವರು ಸೇರಿ ಯಾರ ಮೇಲಾದರೂ ಗೇಲಿಹಾಡು ಕಟ್ಟುವಾಗ ಅವನು ಮನೆ ಮನೆಗೆ ಹೋಗುತ್ತಿದ್ದ, ಯಾರು ಏನೇನು ನೋಡಿದ್ರಿ ಹೇಳಿ, ನೋಡಿದ್ದೆಲ್ಲ ಪದ್ಯ ಆಗತ್ತೆ, ನೋಡದಿದ್ದನ್ನ ಹೇಳಿದ್ರೆ ನಾಲಿಗೆ ಕೊಳೆಯತ್ತೆ ಹುಷಾರು, ಅಂತ ಹೆದರಿಸಿ ನಗಿಸಿ ಬಿಡಿಸಿಕೊಳ್ಳುತ್ತಿದ್ದ, ಇವಳ ಮನೆ ಮೆಟ್ಟಿಲಿಗೂ ಬಂದು, ಏ ಹುಡುಗಿ, ನೀನು ಮೀನು ಸೀಳೋಕೆ ನಸುಕಿಗೇ ಬಂಡೆಗೆ ಹೋಗ್ತೀಯಲ್ಲ, ಅವ್ನು ದೋಣಿ ಬಿಟ್ಟಿದ್ದು ನೋಡಿದ್ಯಾ. ಇಲ್ಲ ಮಾವ, ಏನೂ ನೋಡಿಲ್ಲ, ಮಂಜಿತ್ತು. ಮಂಜಿತ್ತು, ಅದೊಂದು ನಿಜ. ದಡ ಬಿಳಿ, ನೀರು ಬಿಳಿ, ಬಕೀಟಿನಲ್ಲಿ ಮೀನಿನ ಕರುಳು, ಕೈ ಮರಗಟ್ಟಿ ಚಾಕು ಹಿಡಿದದ್ದೇ ತಿಳಿಯುತ್ತಿಲ್ಲ, ಹದಿನಾರು ವಯಸ್ಸು, ಸರಪಳಿ ಸದ್ದು, ದೋಣಿ ನೀರಿಗಿಳಿಯುತ್ತಿದೆ, ತೈತುರ್, ಎಲ್ಸ್ಬಾಳ ಮಗ, ಮೇಲಿನ ಮನೆಯವನು, ಅವಳು ಬೆಳಕು ಹರಿಯುವ ಮುಂಚೆಯೇ ಬಂಡೆಗೆ ಬರುತ್ತಿದ್ದುದು ಮೀನಿಗಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ, ಹೊಸ ಉಣ್ಣೆ ಅಂಗಿ, ಕುರಿತೊಡೆಯನ್ನು ಎದುರಿನ ಹಲಗೆಯ ಮೇಲೆ ಕೂರಿಸಿದ್ದ, ಮಂಜಿಗೆ ನೆನೆಯದಿರಲಿ ಅಂತ ತನ್ನ ಟೋಪಿಯನ್ನೇ ಬಿಚ್ಚಿ ಅದಕ್ಕೆ ಹಾಕಿದ್ದ, ಯಾರೋ ಗಿಡ್ಡ ಮುದುಕ ದೋಣಿಯಲ್ಲಿ ಕೂತ ಹಾಗಿತ್ತು, ಅವಳಿಗೆ ನಗು ಬಂತು, ಸದ್ದಾಯಿತು, ಅವನು ಅವಳನ್ನು ನೋಡಿದ. ಹುಟ್ಟು ಹಾಕುವವನಿಗೆ ಹೋಗುವ ಊರು ಬೆನ್ನಿಗಿರುತ್ತದೆ, ಬಿಟ್ಟ ಊರು ಕಣ್ಣಿಗಿರುತ್ತದೆ, ಅವನ ಮುಖ ಪೂರ್ತಿ ಈ ಕಡೆಗೇ ಇತ್ತು, ಒಂದು ಎಳೆತ, ಇನ್ನೊಂದು ಎಳೆತ, ಮುಖ ಚಿಕ್ಕದಾಗುತ್ತಿದೆ, ಅಂಚು ಬಿಳಿಯಾಗುತ್ತಿದೆ, ಆಗ ಬಲಗೈ ಹುಟ್ಟಿನಿಂದ ಬಿಟ್ಟ, ಒಂದು ಬೆರಳು ತುಟಿಯ ಮೇಲೆ ಇಟ್ಟ. ಶ್, ಯಾರಿಗೂ ಹೇಳಬೇಡ. ಒಂದೇ ಹುಟ್ಟಿಗೆ ದೋಣಿ ಸ್ವಲ್ಪ ತಿರುಗಿತು. ಆಮೇಲೆ ಮಂಜು. ಅವಳು ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಹೇಳಿದವರೆಲ್ಲ ಪದ್ಯವಾದರು.

ಬಂಡೆ ಸುತ್ತಿ ಬಂತು ದೋಣಿ, ಸೇರಿತು ತನ್ನದೇ ಊರ ಓಣಿ, ಈಗ ನಗು ಶುರು, ಹುಡುಗರು ಹಲಗೆ ಮುರಿಯುವ ಹಾಗೆ ಮೆಟ್ಟುತ್ತಿದ್ದಾರೆ, ಬಾಗಿಲು ತಟ್ಟಿ ಟೋಪಿ ತೆಗೆದ, ತನ್ನ ತಾಯಿಗೇ ಅತ್ತೆ ಅಂದ — ಎಲ್ಸ್ಬಾ ಇಲ್ಲಿ ಯಾವಾಗಲೂ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಮುಖ ಮುಚ್ಚಿ ತೋರಿಸುತ್ತಾಳೆ, ಉಣ್ಣೆ ಬಿಡಿಸುತ್ತಿದ್ದೆ ಕಣ್ರೋ, ಮೂತಿಗೆ ಬಟ್ಟೆ ಕಟ್ಟಿದ್ದೆ, ಗುರುತು ಸಿಗದೆ ನನ್ನ ಮಗ ನನ್ನನ್ನೇ ಹೆಣ್ಣು ಕೇಳಿದ, ಇವತ್ತೂ ಎಳೆದುಕೊಂಡಳು, ಬಟ್ಟೆಯೊಳಗೆ ಎಷ್ಟು ಹೊತ್ತು ಇದ್ದಾಳೆ, ಸಾಕು, ತೆಗಿ ಅತ್ತೆ. ತೊಡೆಯ ತಂದೆ, ಮಗಳ ಕೊಡು — ತೊಡೆಯೂ ನಂದೇ, ಒಳಗೆ ನಡಿ. ಮೊದಲ ಸಲ ಈ ಹಾಡು ಕುಣಿದಾಗ ಇಬ್ಬರು ಗಟ್ಟಿ ಆಳುಗಳು ತೈತುರನ ಎರಡೂ ಮಣಿಕಟ್ಟು ಹಿಡಿದಿದ್ದರು, ಪದ್ಧತಿ ಅದು, ಯಾರ ಮೇಲೆ ಹಾಡು ಕಟ್ಟಿದೆಯೋ ಅವನು ಓಡಿಹೋಗಬಾರದು, ಕೊನೆಯ ಪದ್ಯದ ತನಕ ಕುಣಿಯಲೇಬೇಕು, ಕೋಪ ಮಾಡಿಕೊಂಡರೆ ಹಾಡು ಅಲ್ಲಿಗೇ ಸತ್ತಿತು, ನಕ್ಕರೆ ಬದುಕಿತು, ಅವನು ನಕ್ಕ, ಎರಡನೇ ಪದ್ಯಕ್ಕೇ ಆಳುಗಳು ಕೈ ಸಡಿಲಿಸಿದರು, ಅವನೇ ಎಲ್ಲರಿಗಿಂತ ಜೋರಾಗಿ ತನ್ನ ಮರ್ಯಾದೆ ತಾನೇ ಕಳೆದುಕೊಂಡ, ಗೋಡೆಯ ಬೆಂಚಿನ ಮೇಲಿಂದ ಅವಳು ನೋಡುತ್ತಿದ್ದಳು, ಅಲ್ಲಿಂದಲೇ ಹಾಡು ಪೂರ್ತಿ ಬಾಯಿಗೆ ಬಂದುಬಿಟ್ಟಿತ್ತು, ಒಂದೇ ಸಲಕ್ಕೆ, ಮುಳ್ಳು ಒಳಗೆ ಹೋದ ಹಾಗೆ. ಎರಡು ಬೇಸಿಗೆ ಸುನ್ವಾಳ ಜೊತೆ ಓಡಾಡಿದ, ಆಮೇಲೆ ಸುನ್ವಾ ನರ್ಸ್ ಕೆಲಸಕ್ಕೆ ಡೆನ್ಮಾರ್ಕಿಗೆ ಹೋದಳು, ಆಮೇಲೆ ಒಂದು ಚಳಿಗಾಲ ಅವನು ಸುಮ್ಮನಿದ್ದ, ಆಮೇಲೆ ಮಾಲಾನಳ ಮನೆಯ ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತ, ನೀ ಒಪ್ಪಿದ್ರೆ ಮದ್ವೆ ಆಗೋಣ್ವಾ ಅಂದ, ದಾರ ಕಟ್ಟುವಷ್ಟರಲ್ಲಿ ಒಪ್ಪಿದ್ದಳು. ದೋಣಿ ಹತ್ತಲಿಲ್ಲ, ಏನೂ ಕದಿಯಲಿಲ್ಲ, ದಾರಿ ತಪ್ಪಲಿಲ್ಲ. ಮದುವೆಯ ಮೊದಲ ವರ್ಷ ಒಮ್ಮೆ ಕೇಳಿದ್ದಳು, ನನ್ನ ಮೇಲೂ ಒಂದು ಕಟ್ಸು ನಿಮ್ಮ ಮಾವಂಗೆ ಹೇಳಿ. ಅವನು ಬೆನ್ನು ತಿರುಗಿಸಿ ಮಲಗಿದ್ದವನು ನಕ್ಕ, ಬೆನ್ನು ಅಲುಗಿತು, ನಿನ್ನ ಮೇಲೆ ಕಟ್ಟೋಕೆ ನೀನೇನು ಎಡವಟ್ಟು ಮಾಡಿದೀಯ ಹೇಳು, ತಪ್ಪು ಮಾಡದೇ ಇರೋರಿಗೆ ಹಾಡಿಲ್ಲ ಕಣೇ. ಹಾಗಾದರೆ ಅವಳ ಜೊತೆ ಬದುಕಿದ ಇಪ್ಪತ್ತು ವರ್ಷಗಳೆಲ್ಲ ಹಾಡಿಗೆ ಸಿಗದೆ ಹೋದವು, ನೆಟ್ಟಗೆ ಇದ್ದವು, ಹಾಗಾಗಿ ಜಾರಿಬಿಟ್ಟವು, ಗಂಜಿ ಕುದಿದದ್ದು, ಕುರಿ ಕತ್ತರಿಸಿದ್ದು, ಬಾರ್ಬಾ ಹುಟ್ಟಿದಾಗ ಅವನು ಹೊರಗೆ ಗೋಡೆಗೆ ಟಾರು ಬಳಿದು ಬಳಿದು ಮುಗಿಸಿದ್ದು. ಮತ್ತು ಆ ಬೆರಳು — ಒಂದು ಸಲವೂ ಅವನು ಆ ಬೆರಳಿನ ಮಾತೆತ್ತಲಿಲ್ಲ, ಅವಳೂ ಕೇಳಲಿಲ್ಲ, ಹಲವು ಸಲ ತುಟಿಯ ತನಕ ಬಂತು, ಆವತ್ತು ಬಂಡೆ ಮೇಲೆ ನಾನಿದ್ದೆ, ನೆನಪಿದ್ಯಾ, ಅಂತ, ಕೇಳಿ, ಅವನು ಯಾವ ಬಂಡೆ, ಯಾವತ್ತು, ಅಂದುಬಿಟ್ಟರೆ. ಇನ್ನು ಕೇಳಲಿಕ್ಕಿಲ್ಲ.

ಮುದುಕನ ಹಿಡಿತ ಬಿಗಿಯಾಯಿತು. ಒಂದು ಒತ್ತು, ಬಿಟ್ಟ, ಮತ್ತೊಂದು ಒತ್ತು. ಹಾಡು ನಿಂತಿದೆ, ಹೆಜ್ಜೆ ನಡೆದಿದೆ, ತೊಡೆಯೂ ನಂದೇ ಮುಗಿಯಿತು, ಎಳೆಯೋ ಹುಟ್ಟು ಮುಗಿಯಿತು, ಇನ್ನು ಒಂದೇ ಪದ್ಯ, ಕೊನೆಯದು, ದಾನ್ಯಲ್ ಮಾವನ ಬಾಯಿ ತೆರೆದಿದೆ, ಒಳಗಿನಿಂದ ಏನೂ ಬರುತ್ತಿಲ್ಲ, ಕಣ್ಣು ಅವಳ ಕಡೆ ತಿರುಗಿತು. ಇದು ಅವಳಿಗೆ ಗೊತ್ತು, ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲ — ಕೆಲವು ವರ್ಷಗಳಿಂದ ಮುದುಕನಿಗೆ ಪದ್ಯದ ತುದಿ ಸಿಗುತ್ತಿರಲಿಲ್ಲ, ತೈತುರ್ ಪಕ್ಕದಲ್ಲಿ ನಿಂತು ಮೊದಲ ಮಾತು ಮೆಲ್ಲಗೆ ಕೊಡುತ್ತಿದ್ದ, ಕೈ ಒತ್ತಿದರೆ ಮಾತು ಕೊಡುವುದು, ಅಷ್ಟೇ, ಮಾವಂಗೆ ಒಂದು ತುದಿ ಸಿಕ್ರೆ ಸಾಕು ಕಣೇ, ಉಳಿದಿದ್ದನ್ನ ತಾನೇ ಎಳ್ಕೋತಾನೆ, ಯಾರಿಗೂ ಹೇಳ್ಬೇಡ, ಮುದುಕ ನೊಂದ್ಕೋತಾನೆ. ಅದಕ್ಕೇ ಅವಳನ್ನು ಇಲ್ಲಿ ನಿಲ್ಲಿಸಿದ್ದು, ಹೆಂಡತಿ ಅಂತಲ್ಲ, ತುದಿ ಗೊತ್ತಿರುವವಳು ಅಂತ, ಅಂದರೆ ಮುದುಕನಿಗೆ ಗೊತ್ತು ಇವಳಿಗೆ ಹಾಡು ಪೂರ್ತಿ ಬರುತ್ತದೆ ಅಂತ, ಹೇಗೆ ತಿಳಿಯಿತು, ದ್ವೇಷಿಸುವವರಿಗೇ ಚೆನ್ನಾಗಿ ಬಾಯಿಪಾಠವಾಗುತ್ತದೆ ಅಂತ ಯಾರು ಹೇಳಿದರು ಅವನಿಗೆ. ಇನ್ನೊಂದು ಒತ್ತು. ಇಂದಿಗೂ ಅನ್ನುವ ಒಂದು ಮಾತು ಬೇಕು ಅವನಿಗೆ, ಇಂದಿಗೂ ಸುನ್ವಾ ಕಾಯುತಲಿಹಳು, ಇಂದಿಗೂ ತೈತುರ್ ಬರುತಲಿಹನು. ಕೊಡುವುದಿಲ್ಲ. ಕೊಡದಿದ್ದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಹಾಡು ಅಮ್ಮನ ಬಾಗಿಲಲ್ಲಿ ನಿಲ್ಲುತ್ತದೆ, ಒಳಗೆ ನಡಿ ಅನ್ನುವಲ್ಲಿ, ಎಲ್ಲರೂ ನಗುತ್ತಾರೆ, ಒಳ್ಳೇ ಕೊನೆ, ಮನೆಗೆ ಬಂದ ಮಗ, ಇನ್ನು ಎರಡು ಮೂರು ವರ್ಷ ಹೀಗೇ ನಿಂತರೆ ಆ ಪದ್ಯ ಇತ್ತು ಅನ್ನುವುದೇ ಮರೆಯುತ್ತದೆ, ಕಾಯುವ ಸುನ್ವಾ ಇರುವುದಿಲ್ಲ, ಅವಳ ಕಡೆಗೆ ಯಾವಾಗಲೂ ಬರುತ್ತಲೇ ಇರುವ ತೈತುರ್ ಇರುವುದಿಲ್ಲ, ಬಾರ್ಬಾ ದೊಡ್ಡವಳಾಗುವ ಹೊತ್ತಿಗೆ ಅಪ್ಪ ಮನೆಯೊಳಗಿರುತ್ತಾನೆ, ಬಾಗಿಲು ಹಾಕಿರುತ್ತದೆ, ಮತ್ತು ಅದು ಸುಳ್ಳಾದ ಪದ್ಯ ತಾನೇ, ಜ್ವರ ಬಂದು ಮಲಗಿದ್ದವಳ ಪದ್ಯ, ಸತ್ತರೆ ಒಂದು ಸುಳ್ಳು ಸತ್ತಿತು. ಒತ್ತು. ಹೆಜ್ಜೆಗಳು ಕಾಯುತ್ತಿವೆ, ಎರಡು ಎಡಕ್ಕೆ, ಒಂದು ಹಿಂದಕ್ಕೆ, ಹಲಗೆ ಖಾಲಿ ಡ್ರಮ್ಮಿನ ಹಾಗೆ, ಜನ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ, ಅಜ್ಜಿಯ ಕೈ ಹಿಡಿದ ಬಾರ್ಬಾ ಅವಳನ್ನೇ ನೋಡುತ್ತಿದ್ದಾಳೆ, ಯಾರೋ ಹಿಂದಿನಿಂದ, ಏನ್ ಮಾವ ಇದು, ದೋಣಿಗೆ ತಳ ತಗುಲ್ತಾ, ಅಂದರು, ನಗು, ಮುದುಕನ ಕೈ ಬೆವರಿದೆ, ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ತಡೆದರೆ ಮುಗಿಯಿತು, ಯಾರಾದರೂ ಬೇರೆ ಹಾಡು ಎತ್ತುತ್ತಾರೆ.

ತಿರುವಿನಲ್ಲಿ ಸುನ್ವಾ. ಬೂದು ಕೂದಲು, ಒದ್ದೆ ಕೆನ್ನೆ, ಎದುರೆದುರು ಬರುತ್ತಿದ್ದಾಳೆ, ಮುದುಕನನ್ನು ನೋಡಿದಳು, ತಿಳಿಯಿತು ಅವಳಿಗೆ, ಎದೆ ಉಬ್ಬಿತು, ಉಸಿರು ತೆಗೆದುಕೊಂಡಳು, ಬಾಯಿ ತೆರೆದಳು — ಹಾಡುತ್ತಾಳೆ, ತನ್ನ ಪದ್ಯ ತಾನೇ ಎತ್ತುತ್ತಾಳೆ, ಕಾಯದ ಕಾಯುವಿಕೆಯನ್ನು ತನ್ನ ಬಾಯಿಂದಲೇ ಹಾಡಿ ಈ ಊರಿಗೆ ಕೊಡುತ್ತಾಳೆ, ಮುಂದಿನ ವರ್ಷ ಇದೇ ಹೇಳಿಕೊಳ್ಳುತ್ತಾರೆ, ಮಾವ ಮರೆತಾಗ ಸುನ್ವಾನೇ ಎತ್ತಿದ್ಲು ಕಣ್ರೀ, ಡೆನ್ಮಾರ್ಕಿಂದ ಬಂದು,  ಅಷ್ಟು ಪ್ರೀತಿ ನೋಡಿ, ಹೆಂಡ್ತಿ ಪಕ್ಕದಲ್ಲೇ ಬಾಯಿ ಮುಚ್ಕೊಂಡು ನಿಂತಿದ್ಲು — ಇಲ್ಲ, ಇದನ್ನು ಕೊಡುವುದಿಲ್ಲ, ಸಾಯಲು ಬಿಟ್ಟೇನು, ಇವಳಿಗೆ ಬಿಡುವುದಿಲ್ಲ. ಇಂದಿಗೂ — ಯಾರ ಧ್ವನಿ ಇದು, ಒಡೆದು, ಎತ್ತರಕ್ಕೆ ಹೋಗಿ, ಚೂರೂ ಸರಿಯಾಗಿಲ್ಲದ ಧ್ವನಿ, ಅವಳದೇ, ಇಂದಿಗೂ ಸುನ್ವಾ ಕಾಯುತಲಿಹಳು, ಸುನ್ವಾಳ ಮುಖಕ್ಕೇ ಹಾಡಿದಳು, ತೆರೆದ ಬಾಯಿ ಹಾಗೇ ನಿಂತಿತು, ಹಾದು ಹೋಯಿತು, ಇಂದಿಗೂ ತೈತುರ್ ಬರುತಲಿಹನು, ಕೋಣೆ ಅದನ್ನು ಎತ್ತಿಕೊಂಡಿತು, ಹೋ, ಎಳೆಯೋ ಹುಟ್ಟು ಎಳೆಯೋ ತೈತುರ್, ಮುದುಕನ ಕೈ ಸಡಿಲವಾಯಿತು, ಪೂರ್ತಿ ಬಿಟ್ಟುಕೊಟ್ಟ ಕೈ, ಇನ್ನು ಮುಂದೆ ವರ್ಷ ವರ್ಷ ಈ ಕೈ ಇವಳ ಬಾಯಿಯನ್ನೇ ನಂಬಿರುತ್ತದೆ, ಅವನು ಹೋದ ಮೇಲೆ ಊರು ನಂಬಿರುತ್ತದೆ, ಪ್ರತಿ ಚಳಿಗಾಲ ಅವಳೇ ನಿಂತು ತನ್ನ ಗಂಡನನ್ನು ಸುನ್ವಾಳ ಕಡೆಗೆ ಹುಟ್ಟು ಹಾಕಿ ಕಳಿಸಬೇಕು, ಏನು ಮಾಡಿಕೊಂಡೆ, ಎಲ್ಸ್ಬಾ ಅವಳನ್ನು ನೋಡುತ್ತಿದ್ದಾಳೆ, ಇದುವರೆಗೆ ನೋಡದ ಹಾಗೆ, ಬಾರ್ಬಾ ಬಾಯಿ ಅಗಲಿಸಿ, ಅಮ್ಮಾ, ಇನ್ನೂ ಇದ್ಯಾ, ಇನ್ನೂ ಒಂದು ಹೇಳು!

ಹೆಜ್ಜೆ ನಿಂತಿಲ್ಲ. ಎತ್ತಿದವರು ನಿಲ್ಲಿಸಿದರೇ ನಿಲ್ಲುವುದು, ಎಲ್ಲರ ಕಣ್ಣು ಅವಳ ಬಾಯಿಯ ಮೇಲಿದೆ, ಇನ್ನೊಂದಿದೆ, ಇದೆ, ಯಾವತ್ತೋ ಕಟ್ಟಿಟ್ಟದ್ದು, ಪಾತ್ರೆ ತಿಕ್ಕುವಾಗ, ಉಣ್ಣೆ ತೊಳೆಯುವಾಗ ಒಳಗೊಳಗೇ ಸಾವಿರ ಸಲ ತಿರುಗಿಸಿ ನುಣುಪು ಮಾಡಿದ್ದು, ಬಂಡೆಯ ಮೇಲೆ ನಿಂತ ಹುಡುಗಿ, ಟೋಪಿ ಹಾಕಿಕೊಂಡ ಕುರಿತೊಡೆ, ಈ ಕಡೆಗಿದ್ದ ಮುಖ, ತಾಳಕ್ಕೆ ಸರಿಯಾಗಿ ಕೂರುತ್ತದೆ, ಹಾಡಿದರೆ ಈ ಊರು ಈಗಲೇ ಎತ್ತಿಕೊಳ್ಳುತ್ತದೆ, ಟೋಪಿಗೆ ಬಿದ್ದು ಬಿದ್ದು ನಗುತ್ತಾರೆ, ಬಾರ್ಬಾ ಇವತ್ತೇ ಕಲಿತುಬಿಡುತ್ತಾಳೆ, ಅಮ್ಮ ಹಾಡಲ್ಲಿದಾಳೆ, ಉಸಿರು ತೆಗೆದುಕೊಂಡಾಗಿದೆ, ಸುನ್ವಾ ಆ ತುದಿಯಿಂದ ನೋಡುತ್ತಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ಎಲ್ಲರೂ ನೋಡುತ್ತಾರೆ ಅವನನ್ನು, ಆ ಮುಖವನ್ನು, ಪ್ರತಿ ವರ್ಷ, ಮೆಟ್ಟಿ ಮೆಟ್ಟಿ, ಕೆನೆ ಬನ್ನಿನ ಬಾಯಲ್ಲಿ — ದೋಣಿ ಅವರದು, ಮಂಜು ಅವರದು, ತೊಡೆ ಅವರದು, ಇದು ಅವಳೊಬ್ಬಳದು, ಉಸಿರನ್ನು ಹಾಡದೇ ಬಿಟ್ಟಳು, ಎರಡು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ, ಬಿಳಿ ನೀರು, ಒಂದು ಎಳೆತ, ಇನ್ನೊಂದು ಎಳೆತ, ಬೆನ್ನು ಆ ಊರಿಗೆ, ಮುಖ ಇಲ್ಲಿಗೆ, ಬಲಗೈ ಹುಟ್ಟಿನಿಂದ ಮೇಲೆ ಬರುತ್ತಿದೆ, ದೋಣಿ ತುಸು ತಿರುಗಿತು, ಮಂಜು ಕಿವಿಯ ತನಕ ಬಂದಿದೆ, ಕಣ್ಣಿನ ತನಕ, ಬೆರಳು ತುಟಿಯ ಮೇಲೆ, ಬೆರಳು ತುಟಿಯ ಮೇಲೆ